ಹಿರೇಕೆರೂರಿಗೆ 30 ಬೈಟ್

ಸವಣೂರಿಗೆ 18 ಬೈಟ್, ಹಾನಗಲ್ಲಿಗೆ 21, ಶಿಗ್ಗಾವಿಗೆ 24, ಹಿರೇಕೆರೂರಿಗೆ 30. ಹಾವೇರಿ ಜಿಲ್ಲೆಯ ಈ ನಾಲ್ಕು ಊರುಗಳ ಹೆಸರನ್ನು ಕನ್ನಡದಲ್ಲಿ ಬರೆದಿಡಲು ಇಂದಿನ ಗಣಕಕ್ಕೆ ಬೇಕಾಗುವ ಜಾಗ ಇಷ್ಟು. ಹಾನಗಲ್ಲನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಆರು ಬೈಟ್ ಸಾಕು.

ಲೆಕ್ಕ ಸರಳ. ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ಇಲ್ಲಿ ಸಂಕೇತ ಎಂದರೆ ನಾವು ಶಾಲೆಯಲ್ಲಿ ಕಲಿತ ಪೂರ್ಣಾಕ್ಷರವಲ್ಲ. ಹಾನಗಲ್ಲದಲ್ಲಿ ಹ, ಅದರ ದೀರ್ಘದ ಚಿಹ್ನೆ, ನ, ಗ, ಲ, ಹಲಂತ, ಮತ್ತೊಂದು ಲ ಎಂದು ಏಳು ಸಂಕೇತಗಳಿವೆ. ಏಳು ಮೂರಲೆ ಇಪ್ಪತ್ತೊಂದು. ಇಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡುತ್ತಿದ್ದವರಿಗೆ ಈ ತೊಡಕಿರಲಿಲ್ಲ. ಅಲ್ಲಿ ಅಕ್ಷರದ ಒಂದೊಂದು ತುಣುಕಿಗೂ ಒಂದೊಂದೇ ಬೈಟ್. ಆದರೆ ಆ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಚು. ಯುನಿಕೋಡ್ ಆ ಗೋಳನ್ನು ಕಳೆಯಿತು, ಪ್ರತಿಯಾಗಿ ಹೆಚ್ಚು ಜಾಗ ಕೇಳಿತು. ನ್ಯಾಯವಾದ ಬೆಲೆಯೇ. ತೊಂದರೆ ಇರುವುದು ಗಣಕದ ಒಳಗೆ, ಇಂಗ್ಲಿಷಿನ ಅಳತೆಗೆ ಕಟ್ಟಿಟ್ಟ ಸಣ್ಣ ಸಣ್ಣ ಕೋಣೆಗಳಲ್ಲಿ.

ಲಿನಕ್ಸ್ ಗಣಕದಲ್ಲಿ ‘ಹಾನಗಲ್ಲ’ ಎಂಬ ಹೆಸರಿನ ಪ್ರೋಗ್ರಾಂ ಒಂದನ್ನು ಓಡಿಸಿ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಅದನ್ನು ಏನೆಂದು ಗುರುತಿಟ್ಟುಕೊಂಡಿದೆ ಎಂದು ನೋಡಿ. ಓಡುತ್ತಿರುವ ಪ್ರತಿ ಪ್ರೋಗ್ರಾಂನ ಹೆಸರಿಗೆ ಅದು ಇಟ್ಟಿರುವ ಜಾಗ 16 ಬೈಟ್. ಅದರಲ್ಲಿ ಕೊನೆಯದು ‘ಹೆಸರು ಇಲ್ಲಿಗೆ ಮುಗಿಯಿತು’ ಎಂದು ಹೇಳುವ ಸೊನ್ನೆ. ಉಳಿದದ್ದು 15, ಅಂದರೆ ಕನ್ನಡದ ಐದು ಸಂಕೇತ. ಹಾನಗಲ್ಲ ಅಲ್ಲಿ ‘ಹಾನಗಲ’ ಆಗುತ್ತದೆ. ಸವಣೂರು ‘ಸವಣೂರ’, ಶಿಗ್ಗಾವಿ ‘ಶಿಗ್ಗ’, ಹಿರೇಕೆರೂರು ‘ಹಿರೇಕ’. ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಪ್ರೋಗ್ರಾಂ ತನ್ನ ಹೆಸರನ್ನು ತಾನೇ ಬದಲಿಸಿಕೊಳ್ಳುವ ಸೌಲಭ್ಯವೊಂದಿದೆ. ಹೆಸರು ಉದ್ದವಾದರೆ ಸದ್ದಿಲ್ಲದೆ ಕತ್ತರಿಸಲಾಗುವುದು ಎಂದು ಅದರ ಕೈಪಿಡಿಯಲ್ಲೇ ಬರೆದಿದೆ. ಮುಖ್ಯವಾದ ಮಾತೆಂದರೆ, ಹೀಗೆ ಕತ್ತರಿಸುತ್ತಿರುವುದು ಹಳೆಯ, ಅಪಾಯಕಾರಿ ಕೋಡ್ ಅಲ್ಲ. ಸುರಕ್ಷಿತವೆಂದು ಒಪ್ಪಿ ಬದಲಿಸಿದ ಹೊಸ ಕೋಡ್. ಆ ಬದಲಾವಣೆಯ ಕತೆ ಕನ್ನಡದವರು ತಿಳಿಯಬೇಕಾದದ್ದು.

ಸಿ ಭಾಷೆಯಲ್ಲಿ ಪಠ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವ ಅತಿ ಹಳೆಯ ಫಂಕ್ಷನ್ ಸ್ಟ್ರ್‌ಕಾಪಿ. ಎಲ್ಲಿಂದ, ಎಲ್ಲಿಗೆ ಎಂಬ ಎರಡೇ ವಿಷಯ ಅದಕ್ಕೆ ಗೊತ್ತು. ಎಷ್ಟು ಜಾಗವಿದೆ ಎಂಬುದು ಗೊತ್ತಿಲ್ಲ. ಸೊನ್ನೆ ಸಿಗುವವರೆಗೂ ಬರೆಯುತ್ತ ಹೋಗುತ್ತದೆ. ಹಾನಗಲ್ಲಿನಲ್ಲೋ ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲೋ ಶಾಸನ ಕೆತ್ತಿದವನ ಉಳಿ ಕಲ್ಲಿನ ಅಂಚು ಬಂದಾಗ ತಾನಾಗಿ ನಿಲ್ಲುತ್ತಿತ್ತು. ಗಣಕದ ನೆನಪಿನಲ್ಲಿ ಅಂಥ ಅಂಚಿಲ್ಲ. ಒಂದು ಬಫರ್, ಅಂದರೆ ಪಠ್ಯಕ್ಕೆಂದು ಕಾದಿಟ್ಟ ಜಾಗ, ಮುಗಿದ ಕಡೆಯೇ ಇನ್ನೊಂದರ ಮಾಹಿತಿ ಶುರುವಾಗುತ್ತದೆ. ಹೆಸರಿನ ಬಾಲ ಅಲ್ಲಿಗೆ ಚಾಚಿ, ಅಲ್ಲಿದ್ದ ಲೆಕ್ಕವನ್ನೋ ವಿಳಾಸವನ್ನೋ ಅಳಿಸಿ ತಾನು ಕೂರುತ್ತದೆ. ಅಳಿದದ್ದು ‘ಮುಂದೆ ಯಾವ ಆದೇಶ ನಡೆಸಬೇಕು’ ಎಂಬ ವಿಳಾಸವಾದರೆ, ಹೆಸರನ್ನು ಕಳಿಸಿದವನ ಕೈಗೆ ಯಂತ್ರವೇ ಸಿಕ್ಕಂತೆ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ಹುಳು, ಅಂದರೆ ತಾನೇ ಹರಡುವ ಪ್ರೋಗ್ರಾಂ, ಅಂದಿನ ಇಂಟರ್‌ನೆಟ್ಟನ್ನು ಕಂಗೆಡಿಸಿತು. ಅದು ಒಳಹೊಕ್ಕ ದಾರಿಗಳಲ್ಲಿ ಒಂದು, 512 ಬೈಟ್‌ಗಳ ಬಫರಿನ ಅಳತೆ ಕೇಳದೆ ಓದುತ್ತಿದ್ದ ‘ಗೆಟ್ಸ್’ ಎಂಬ ಫಂಕ್ಷನ್. ಸ್ಟ್ರ್‌ಕಾಪಿಯ ಒಡಹುಟ್ಟಿನಂಥ ಈ ಗೆಟ್ಸ್ ಸಿ ಭಾಷೆಯ ಮಾನಕದಿಂದ ಹೊರಬಿದ್ದದ್ದು 2011ರಲ್ಲಿ. ಸ್ಟ್ರ್‌ಕಾಪಿ ಇಂದಿಗೂ ಅಲ್ಲೇ ಇದೆ.

ಡ್ರೈವರ್‌ಗಳಲ್ಲಿ ಈ ತಪ್ಪು ಇನ್ನೂ ದುಬಾರಿ. ಪ್ರಿಂಟರ್, ವೈಫೈ, ಕ್ಯಾಮೆರಾ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಓದುವ ಯಂತ್ರ, ಇವೆಲ್ಲವನ್ನೂ ಗಣಕದೊಡನೆ ಮಾತನಾಡಿಸುವ ಕೋಡಿಗೆ ಡ್ರೈವರ್ ಎನ್ನುತ್ತಾರೆ. ಲಿನಕ್ಸ್ ಕರ್ನೆಲ್ಲಿನ ಅರ್ಧಕ್ಕಿಂತ ಹೆಚ್ಚು ಕೋಡ್ ಡ್ರೈವರ್‌ಗಳದ್ದೇ. ಅವುಗಳಲ್ಲಿ ಬಹುಪಾಲು ಓಡುವುದು ಕರ್ನೆಲ್ಲಿನ ಪೂರ್ಣ ಅಧಿಕಾರದಲ್ಲಿ. ಸಾಮಾನ್ಯ ಪ್ರೋಗ್ರಾಂ ಗಡಿ ಮೀರಿದರೆ ಅದೊಂದೇ ಸಾಯುತ್ತದೆ, ಡ್ರೈವರ್ ಮೀರಿದರೆ ಇಡೀ ಯಂತ್ರ ಬೀಳುತ್ತದೆ ಅಥವಾ ಬೇರೆಯವರ ಪಾಲಾಗುತ್ತದೆ. ಜೊತೆಗೆ, ಡ್ರೈವರಿಗೆ ಹೆಸರುಗಳು ಬರುವುದು ಹೊರಗಿನಿಂದ. ಯುಎಸ್‌ಬಿ ಸಾಧನ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ, ವೈಫೈ ಪೆಟ್ಟಿಗೆ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತದೆ. ಹೇಳುವವರು ಯಾರೆಂದು ತಿಳಿಯದೆ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಅದು.

ಹಾಗಾದರೆ ಅಳತೆ ಕೇಳುವ ಫಂಕ್ಷನ್ ಬಳಸಿದರಾಯಿತಲ್ಲ? ಹಾಗೆಂದುಕೊಂಡೇ ಸಾವಿರಾರು ಪ್ರೋಗ್ರಾಮರುಗಳು ಸ್ಟ್ರ್‌ಎನ್‌ಕಾಪಿಯ ಮೊರೆ ಹೋದರು. ಆದರೆ ಅದು ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಹಳೆಯ ಯುನಿಕ್ಸ್‌ನಲ್ಲಿ ಕಡತಪಟ್ಟಿಯ ಒಂದೊಂದು ನಮೂದಿಗೆ 16 ಬೈಟ್. ಎರಡು ಬೈಟ್ ಕಡತದ ಸಂಖ್ಯೆಗೆ, ಹದಿನಾಲ್ಕು ಹೆಸರಿಗೆ. ಹೆಸರು ಚಿಕ್ಕದಾದರೆ ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬಬೇಕು, ಸರಿಯಾಗಿ ಹದಿನಾಲ್ಕಿದ್ದರೆ ಕೊನೆಯ ಸೊನ್ನೆಯೇ ಬೇಡ. ಸ್ಟ್ರ್‌ಎನ್‌ಕಾಪಿಯ ನಡವಳಿಕೆ ಈ ಅಚ್ಚಿಗೆ ಹೊಂದಿದ್ದು. ಈಗ 24 ಬೈಟ್‌ಗಳ ಬಫರಿಗೆ ಅದರ ಮೂಲಕ ಶಿಗ್ಗಾವಿಯನ್ನು ನಕಲಿಸಿ. ಶಿಗ್ಗಾವಿ ಎಂದು ಬರೆದರೂ ಶಿಗ್ಗಾಂವ ಎಂದು ಬರೆದರೂ ಎಂಟು ಸಂಕೇತ, ಇಪ್ಪತ್ನಾಲ್ಕೇ ಬೈಟ್. ಹೆಸರು ಪೂರ್ತಿ ಕೂತಿತು, ಗಡಿ ದಾಟಲಿಲ್ಲ, ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಕೊನೆಯ ಸೊನ್ನೆ ಇಲ್ಲ. ಮುಂದೆ ಈ ಹೆಸರನ್ನು ಓದುವ ಯಾವುದೇ ಫಂಕ್ಷನ್ ಶಿಗ್ಗಾವಿಯ ಆಚೆಗೂ ಓದುತ್ತ, ಪಕ್ಕದ ಬಫರಿನಲ್ಲಿ ಏನಿದೆಯೋ ಅದನ್ನೂ ಹೆಸರೆಂದೇ ಎತ್ತಿಕೊಂಡು ಹೋಗುತ್ತದೆ. ಆ ಪಕ್ಕದ ಬಫರಿನಲ್ಲಿ ಗುಪ್ತಪದವಿದ್ದರೆ ಅದೂ ಹೊರಬರುತ್ತದೆ.

ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಟಾಡ್ ಮಿಲ್ಲರ್ ಮತ್ತು ಥಿಯೋ ಡಿ ರಾಟ್ 1990ರ ದಶಕದ ಕೊನೆಯಲ್ಲಿ ಸ್ಟ್ರ್‌ಎಲ್‌ಕಾಪಿಯನ್ನು ಮುಂದಿಟ್ಟರು. ಅದು ಸೊನ್ನೆಯನ್ನು ತಪ್ಪದೆ ಇಡುತ್ತದೆ. ಆದರೆ ಮೂಲ ಹೆಸರಿನ ಪೂರ್ತಿ ಉದ್ದವನ್ನು ಮರಳಿ ಹೇಳಬೇಕಾದ್ದರಿಂದ ಮೂಲವನ್ನು ಕೊನೆಯವರೆಗೂ ಓದುತ್ತದೆ. ಮೂಲಕ್ಕೇ ಸೊನ್ನೆ ಇಲ್ಲದಿದ್ದರೆ ಆ ಓದಿಗೆ ಕೊನೆಯೆಲ್ಲಿ? ಈ ಕಾರಣಕ್ಕೇ ಟೈಲ್ ಪ್ರೊಸೆಸರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಕ್ರಿಸ್ ಮೆಟ್‌ಕಾಫ್ 2015ರಲ್ಲಿ ಲಿನಕ್ಸ್‌ಗೆ ಸ್ಟ್ರ್‌ಎಸ್‌ಕಾಪಿಯನ್ನು ತಂದರು. ಕೊಟ್ಟ ಅಳತೆಗಿಂತ ಆಚೆ ಅದು ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಸೊನ್ನೆ ಇಟ್ಟೇ ಇಡುತ್ತದೆ. ಹೆಸರು ಹಿಡಿಸದಿದ್ದರೆ ಕತ್ತರಿಸಿ, ‘ಹಿಡಿಸಲಿಲ್ಲ’ ಎಂಬ ದೋಷಸಂಖ್ಯೆಯನ್ನು ಮರಳಿಸುತ್ತದೆ.

ಅದನ್ನು ಸೇರಿಸಿಕೊಳ್ಳುವಾಗ ಲೈನಸ್ ಟೋರ್ವಾಲ್ಡ್ಸ್ ಒಂದು ಎಚ್ಚರಿಕೆಯನ್ನೂ ದಾಖಲಿಸಿದರು. ಹೊಸ ಫಂಕ್ಷನ್ ಬಂದಾಗಲೆಲ್ಲ ಜನ ಯೋಚಿಸದೆ ಸಾಲುಸಾಲಾಗಿ ಹಳೆಯದನ್ನು ಬದಲಿಸಲು ಹೊರಡುತ್ತಾರೆ, ಅದರಲ್ಲಿ ಯಾರೋ ಒಬ್ಬರು ಎಡವಿ ಇದ್ದದ್ದನ್ನೂ ಕೆಡಿಸುತ್ತಾರೆ, ಅಂಥ ಬುದ್ಧಿಯಿಲ್ಲದ ಬದಲಾವಣೆಗಳನ್ನು ತಾನು ಒಪ್ಪುವುದಿಲ್ಲ ಎಂಬುದು ಅದರ ಸಾರ. ಮೊದಲು ಓದಿದಾಗ ಇದು ಹಿರಿಯರ ಗೊಣಗಾಟದಂತೆ ಕಾಣಬಹುದು. ಆದರೆ ಅದಕ್ಕೆ ಆಧಾರವಿತ್ತು.

ಕೆಲಸವೇನೋ ನಡೆಯಿತು. 2018ರಲ್ಲಿ ಮೌರೊ ಕರ್ವಾಲ್ಯೊ ಶೆಹಾಬ್ ಕ್ಯಾಮೆರಾ, ಟಿವಿ ಕಾರ್ಡುಗಳ ಡ್ರೈವರ್‌ಗಳನ್ನು ಸ್ಟ್ರ್‌ಎಸ್‌ಕಾಪಿಗೆ ತಿರುಗಿಸಿದರು. 2022ರಲ್ಲಿ ವುಲ್ಫ್ರಾಮ್ ಸ್ಯಾಂಗ್ ಉಪವ್ಯವಸ್ಥೆಗಳನ್ನು ಒಂದೊಂದಾಗಿ ಹಿಡಿದು ಸ್ಟ್ರ್‌ಎಲ್‌ಕಾಪಿಯನ್ನು ಕೀಳುತ್ತ ಹೋದರು. 2024ರ ಮಾರ್ಚ್‌ನಲ್ಲಿ ಹೊರಬಂದ ಲಿನಕ್ಸ್ 6.8ರ ಹೊತ್ತಿಗೆ ಸ್ಟ್ರ್‌ಎಲ್‌ಕಾಪಿ ಕರ್ನೆಲ್ಲಿನಿಂದ ಪೂರ್ತಿ ಹೋಯಿತು. ಸ್ಟ್ರ್‌ಎನ್‌ಕಾಪಿಯನ್ನು ತೆಗೆಯುವುದು ಕಷ್ಟದ ಕೆಲಸ. ಯಾಕೆಂದರೆ ಒಂದೊಂದು ಕಡೆ ಅದನ್ನು ಒಂದೊಂದು ಉದ್ದೇಶಕ್ಕೆ ಬಳಸಿದ್ದಾರೆ. ಇಲ್ಲಿ ಕೊನೆಯ ಸೊನ್ನೆ ಬೇಕೆ, ಬೇಡವೆ? ಉಳಿದ ಜಾಗಕ್ಕೆ ಸೊನ್ನೆ ತುಂಬಬೇಕೆ? ತುಂಬಬೇಕಾದ ಕಡೆ ಬಿಟ್ಟರೆ, ಕರ್ನೆಲ್ಲಿನ ಹಳೆಯ ನೆನಪಿನ ಚೂರುಗಳು ಬಫರಿನೊಂದಿಗೆ ಬಳಕೆದಾರರ ಕಡೆಗೆ ಸೋರುತ್ತವೆ. ತುಂಬುವುದಕ್ಕೆ ಬೇರೆ ಫಂಕ್ಷನ್ ಇದೆ, ಸೊನ್ನೆಯಿಲ್ಲದ ಜಾಗಕ್ಕೆ ಮತ್ತೊಂದು. ಪ್ರತಿ ಸಾಲಿನ ಮುಂದೆ ಕೂತು, ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಓದದೆ ಇದು ಆಗದು. ಪ್ಯಾಚ್, ಅಂದರೆ ಬದಲಾವಣೆಯ ಕಡತ, ನೋಡಿದರೆ ಒಂದು ಪದ ಬದಲಾದಂತಿರುತ್ತದೆ, ಹಿಂದಿನ ಶ್ರಮ ಕಾಣುವುದಿಲ್ಲ.

2024ರಲ್ಲಿ ಎಕ್ಸ್‌ಟಿ4ನಲ್ಲಿ ಆದದ್ದು ಇದೇ. ಬಹುತೇಕ ಲಿನಕ್ಸ್ ಗಣಕಗಳಲ್ಲಿ ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸುವ ವ್ಯವಸ್ಥೆ ಇದು. ಡಿಸ್ಕಿಗೆ ಒಂದು ಹೆಸರಿಡಬಹುದು, ಅದಕ್ಕೆ 16 ಬೈಟ್ ಜಾಗ, ಹೆಸರು ಹದಿನಾರನ್ನೂ ತುಂಬಿದರೆ ಕೊನೆಯ ಸೊನ್ನೆ ಇರುವುದಿಲ್ಲ. ಥೇಟ್ ಹಳೆಯ ಯುನಿಕ್ಸ್ ಅಚ್ಚು. ಈ ಹೆಸರನ್ನು ಓದುವ ಕಡೆ ಇದ್ದ ಸ್ಟ್ರ್‌ಎನ್‌ಕಾಪಿಯನ್ನು ತೆಗೆದು, ಸೊನ್ನೆಯನ್ನು ನಿರೀಕ್ಷಿಸುವ ಸುರಕ್ಷಿತ ಫಂಕ್ಷನ್ ಹಾಕಿದರು. ಪರಿಶೀಲನೆಯಲ್ಲೂ ಅದು ಪಾಸಾಯಿತು. ಹೆಸರು ಪೂರ್ತಿ 16 ಬೈಟ್ ಇದ್ದಾಗ ಹೊಸ ಫಂಕ್ಷನ್ ಹದಿನೇಳನೆಯದರಲ್ಲಿ ಸೊನ್ನೆ ಹುಡುಕಿತು, ಕರ್ನೆಲ್ಲಿನ ಕಾವಲು ವ್ಯವಸ್ಥೆ ಅದನ್ನು ಗಡಿ ಮೀರಿದ ಓದೆಂದು ಹಿಡಿಯಿತು. ಕರ್ನೆಲ್ಲಿಗೆ ಹಗಲಿರುಳೂ ಚಿತ್ರವಿಚಿತ್ರ ಬೇಡಿಕೆ ಕಳಿಸಿ ಪರೀಕ್ಷಿಸುವ ಸಿಝ್‌ಬಾಟ್ ಎಂಬ ಯಂತ್ರ ಇದನ್ನು ವರದಿ ಮಾಡಿತು. ಕರ್ನೆಲ್ ಭದ್ರತೆಗೆ ವರ್ಷಗಳಿಂದ ದುಡಿಯುತ್ತಿರುವ ಕೀಸ್ ಕುಕ್ ಸೊನ್ನೆಯಿಲ್ಲದ ಮೂಲಕ್ಕೆಂದೇ ಇರುವ ಫಂಕ್ಷನ್ ಹಾಕಿ ಸರಿಪಡಿಸಿದರು.

ಇಂಗ್ಲಿಷಿನಲ್ಲಿ ಡಿಸ್ಕಿಗೆ ಹೆಸರಿಡುವವರು ಸರಿಯಾಗಿ ಹದಿನಾರು ಅಕ್ಷರ ತುಂಬಿಸುವುದು ಅಪರೂಪ. ಅದು ಮೂಲೆಯ ಸಂದರ್ಭ ಎನ್ನಿಸಿಕೊಳ್ಳುತ್ತದೆ. ಕನ್ನಡದಲ್ಲಿ? ಸವಣೂರು 18, ಹಾವೇರಿಯೂ 18. ಈ ನಾಲ್ಕು ಊರುಗಳಲ್ಲಿ ಒಂದೂ ಹದಿನಾರಕ್ಕೆ ಹಿಡಿಸದು. ಯಾರಾದರೂ ಅವುಗಳನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿ ಕೂರಿಸಿದರೆ ಆಗುವುದು ಐದು ಸಂಕೇತ ಮತ್ತು ಆರನೆಯದರ ಮೊದಲ ಮೂರನೇ ಒಂದು ಪಾಲು. ಅಂದರೆ ಒಡೆದ ಅಕ್ಷರದೊಂದಿಗೆ ಭರ್ತಿ ಹದಿನಾರು. ಇಂಗ್ಲಿಷಿನವರ ಮೂಲೆಯ ಸಂದರ್ಭ ನಮಗೆ ದಿನನಿತ್ಯದ್ದು. ಈ ಮಾತನ್ನು ಕರ್ನೆಲ್ ಬರೆಯುವವರಿಗೆ ನಾವು ಹೇಳದಿದ್ದರೆ ಹೇಳುವವರು ಇನ್ನಾರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ವೈಫೈ ಹೆಸರಿನದ್ದೂ ಇದೇ ಪಾಡು. ಅದಕ್ಕೆ ಪ್ರಮಾಣಿತ ಮಿತಿ 32 ಬೈಟ್, ಕೊನೆಯ ಸೊನ್ನೆ ಇಲ್ಲ, ಉದ್ದವನ್ನು ಬೇರೆಯೇ ಒಂದು ಬೈಟಿನಲ್ಲಿ ಕಳಿಸುತ್ತಾರೆ. ಒಂದು ಬೈಟಿನಲ್ಲಿ 255ರವರೆಗೆ ಹೇಳಬಹುದು. ಸುಳ್ಳು ಉದ್ದ ಹೇಳುವ ಪೆಟ್ಟಿಗೆಯನ್ನು ನಂಬಿ ನಕಲಿಸಿದರೆ ಏನಾಗುತ್ತದೆಂದು 2019ರಲ್ಲಿ ಲಿನಕ್ಸ್‌ನ ವೈರ್‌ಲೆಸ್ ಕೋಡಿನಲ್ಲೇ ಗೊತ್ತಾಯಿತು. ಉದ್ದವನ್ನು ತಿರಸ್ಕರಿಸದೆ ಬಿಟ್ಟ ಆ ದೋಷಕ್ಕೆ ಸಿವಿಇ-2019-17133 ಎಂಬ ಗುರುತು. ಇನ್ನು ಪ್ರಾಮಾಣಿಕ ಹೆಸರುಗಳ ಮಾತು: ಹಿರೇಕೆರೂರು 30 ಬೈಟ್, ಮಿಕ್ಕಿದ ಎರಡರಲ್ಲಿ ಕನ್ನಡದ ಒಂದು ಸಂಕೇತವೂ ಹಿಡಿಸದು. ಆ್ಯಪಲ್‌ನ ಹಳೆಯ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ‘ರೇ’ಯ ಏತ್ವವನ್ನು ಎರಡು ಸಂಕೇತವಾಗಿ ಬಿಡಿಸಿಡುತ್ತಿತ್ತು, ಆ ರೂಪವನ್ನು ಯುಟಿಎಫ್-8ರಲ್ಲಿ ಬರೆದರೆ ಇದೇ ಹಿರೇಕೆರೂರು 33. ‘ಹಾನಗಲ್ಲ ಬಸ್ ನಿಲ್ದಾಣ’ ಎಂದು ವೈಫೈಗೆ ಹೆಸರಿಡಲು ಹೊರಟರೆ 53 ಬೈಟ್ ಬೇಕು. 32ಕ್ಕೆ ಕತ್ತರಿಸಿದರೆ ‘ಹಾನಗಲ್ಲ ಬಸ್’, ಅದರ ಮುಂದೊಂದು ಖಾಲಿ ಜಾಗ. ನಿಲ್ದಾಣ ಪೂರ್ತಿ ಹೊರಗೆ.

ಕತ್ತರಿಸುವುದಕ್ಕಿಂತ ನಿರಾಕರಿಸುವುದು ಎಷ್ಟೋ ಮೇಲು. ಲಿನಕ್ಸ್ ಕಡತದ ಹೆಸರುಗಳಲ್ಲಿ ಹೀಗೇ ಮಾಡುತ್ತದೆ. ಮಿತಿ 255 ಬೈಟ್, ಮೀರಿದರೆ ‘ಹೆಸರು ತುಂಬ ಉದ್ದ’ ಎಂದು ನೇರವಾಗಿ ಹೇಳಿ ಕಡತವನ್ನೇ ಮಾಡುವುದಿಲ್ಲ. ಕನ್ನಡಕ್ಕೆ ಅದು 85 ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಇದನ್ನು ಬೇರೆ ಬಗೆಯಲ್ಲಿ ಎಣಿಸುವುದರಿಂದ ಅಲ್ಲಿ ಕನ್ನಡಕ್ಕೂ 255 ಸಂಕೇತ ಸಿಗುತ್ತದೆ. ‘ಹಿರೇಕೆರೂರು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಕಾಮಗಾರಿಗಳ ಪ್ರಗತಿ ವರದಿ’ ಎಂಬ ಒಂಬತ್ತು ಪದಗಳ ಶೀರ್ಷಿಕೆ ಲಿನಕ್ಸ್‌ನಲ್ಲಿ 203 ಬೈಟ್ ನುಂಗುತ್ತದೆ. ವರ್ಷ, ತಿಂಗಳು, ಇಲಾಖೆ ಸೇರಿಸಿದರೆ ಗೋಡೆಗೆ ತಾಗುತ್ತದೆ. ತಾಗಿದಾಗ ಕನಿಷ್ಠ ತಾಗಿತೆಂದು ಗೊತ್ತಾಗುತ್ತದೆ. ಬರೆದವರು ಹೆಸರನ್ನು ತಾವೇ ಚಿಕ್ಕದು ಮಾಡಿಕೊಳ್ಳುತ್ತಾರೆ, ಎಲ್ಲಿ ಕತ್ತರಿಸಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಸ್ಟ್ರ್‌ಎಸ್‌ಕಾಪಿಯ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ ಎಂಬುದು ನನ್ನ ನಂಬಿಕೆ. ಗಡಿ ಕಾಯುವುದರ ಜೊತೆಗೆ ಅದು ಉತ್ತರ ಕೊಡುತ್ತದೆ. ಆ ಉತ್ತರವನ್ನು ಕೇಳಿಸಿಕೊಳ್ಳುವ ಒಂದು ಸಾಲನ್ನು ಕೆಳಗೆ ಬರೆಯಬೇಕು, ಅಷ್ಟೆ. ಎಷ್ಟೋ ಡ್ರೈವರ್‌ಗಳಲ್ಲಿ ಆ ಸಾಲು ಇರುವುದಿಲ್ಲ. ಫಂಕ್ಷನ್ ಬದಲಾಗಿದೆ, ಉತ್ತರ ಗಾಳಿಗೆ ಹೋಗುತ್ತಿದೆ. ಯಂತ್ರ ಬೀಳುವುದಿಲ್ಲ, ಭದ್ರತೆಯ ದೃಷ್ಟಿಯಿಂದ ಅದು ಗೆಲುವೇ, ಅದನ್ನು ಕೀಳಾಗಿ ಕಾಣಬಾರದು. ಡ್ರೈವರಿನ ಸ್ವಂತ ಇಂಗ್ಲಿಷ್ ಹೆಸರು ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲವೆಂದು ವಾದಿಸುವವರೂ ಇದ್ದಾರೆ, ಆ ಮಟ್ಟಿಗೆ ಒಪ್ಪಬಹುದು. ಆದರೆ ಕಡತ, ಡಿಸ್ಕು, ವೈಫೈ, ಬ್ಲೂಟೂತ್ ಇವುಗಳ ಮೂಲಕ ಜನರು ಇಟ್ಟ ಹೆಸರು ಒಳಗೆ ಬರುತ್ತದೆ. ಒಂದು ಕಡೆ ‘ಹಾನಗಲ್ಲ’ ಇನ್ನೊಂದು ಕಡೆ ‘ಹಾನಗಲ’ ಎಂದಿದ್ದರೆ ಗಣಕದ ಪಾಲಿಗೆ ಅವು ಎರಡು ಬೇರೆ ಊರು. ಇದೇ ಅಭ್ಯಾಸ ಮೇಲಿನ ತಂತ್ರಾಂಶಕ್ಕೆ, ಪಿಂಚಣಿ ಪಟ್ಟಿಗೆ, ಪಹಣಿಗೆ ಹಬ್ಬಿದರೆ ತಾಳೆಯಾಗದ ಹೆಸರಿನ ಬೆಲೆ ತೆರುವವರು ಕಚೇರಿಯ ಕಿಟಕಿಯ ಹೊರಗೆ ನಿಂತವರು.

ಕತ್ತರಿಸಲೇಬೇಕಾದರೆ ಎಲ್ಲಿ ಕತ್ತರಿಸಬೇಕು? ಯುಟಿಎಫ್-8 ರೂಪಿಸಿದವರು ಇಲ್ಲಿ ದೊಡ್ಡ ಉಪಕಾರ ಮಾಡಿದ್ದಾರೆ. ಒಂದು ಸಂಕೇತದ ಮೊದಲ ಬೈಟನ್ನೂ ಮುಂದುವರಿಕೆಯ ಬೈಟ್‌ಗಳನ್ನೂ ನೋಡಿದೊಡನೆ ಬೇರ್ಪಡಿಸಬಹುದು. ಹಾಗಾಗಿ ಒಂದೆರಡು ಬೈಟ್ ಹಿಂದೆ ಸರಿದರೆ ಒಡೆಯದ ಗಡಿ ಸಿಕ್ಕೇ ಸಿಗುತ್ತದೆ. ಸ್ಟ್ರ್‌ಎಸ್‌ಕಾಪಿ ಅಷ್ಟು ನೋಡುವುದಿಲ್ಲ, ಅದಕ್ಕೆ ಭಾಷೆಯ ಪರಿವೆಯಿಲ್ಲ. ಅದಕ್ಕೂ ಆಚೆ ಒತ್ತಕ್ಷರದ ಪ್ರಶ್ನೆ ಇದೆ. ಸಂಕೇತದ ಗಡಿಯಲ್ಲೇ ಕತ್ತರಿಸಿದರೂ ‘ಗ್ಗಾ’ದ ನಡುವೆ ಕತ್ತಿ ಬೀಳಬಹುದು. ಯುನಿಕೋಡ್ 2023ರ 15.1ನೇ ಆವೃತ್ತಿಯಲ್ಲಿ ಕೆಲವು ಭಾರತೀಯ ಲಿಪಿಗಳ ಸಂಯುಕ್ತಾಕ್ಷರವನ್ನು ಒಡೆಯದ ಒಂದೇ ಘಟಕವಾಗಿ ಕಾಣುವ ನಿಯಮ ತಂದಿತು. ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಭಾರತೀಯ ಲಿಪಿಯ ಜೋಡಣೆಯಲ್ಲಿ ಎಡವಿದರೆ ನೆನಪಿನ ಸುರಕ್ಷತೆಯೇ ಹೋಗಬಹುದು ಎಂಬುದಕ್ಕೆ 2018ರ ಫೆಬ್ರುವರಿಯ ಘಟನೆ ಸಾಕ್ಷಿ. ತೆಲುಗಿನ ಒಂದು ‘ಜ್ಞಾ’ ರೂಪ ಸಂದೇಶದಲ್ಲಿ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು. ನೆನಪು ಕೆಡುವ ದೋಷವೆಂದು ಒಪ್ಪಿಕೊಂಡ ಆ್ಯಪಲ್ 19ರಂದು 11.2.6 ಆವೃತ್ತಿಯನ್ನು ಹೊರತಂದು ಸರಿಪಡಿಸಿತು.

ಕರ್ನೆಲ್ ಯಾರೊಬ್ಬರ ಆಸ್ತಿಯೂ ಅಲ್ಲ. ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೂ ಅದರ ಕೋಡ್ ಪೂರ್ತಿ ತೆರೆದಿದೆ. ಇನ್ನೂ ಮಟ್ಟಕ್ಕೆ ಬಾರದ ಡ್ರೈವರ್‌ಗಳನ್ನಿಡುವ ‘ಸ್ಟೇಜಿಂಗ್’ ಎಂಬ ವಿಭಾಗ ಹೊಸಬರ ಕಲಿಕೆಗೂ ಒದಗುತ್ತದೆ. ಹಳೆಯ ಫಂಕ್ಷನ್ ಕಂಡರೆ ಎಚ್ಚರಿಸುವ ಚೆಕ್‌ಪ್ಯಾಚ್ ಎಂಬ ಸಲಕರಣೆ ಕೋಡಿನ ಜೊತೆಗೇ ಬರುತ್ತದೆ. ಅದು ತೋರಿಸಿದ ಸಾಲನ್ನು ಕಣ್ಣುಮುಚ್ಚಿ ಬದಲಿಸದೆ ಈ ನಾಲ್ಕು ಊರುಗಳನ್ನು ಅದರ ಮೂಲಕ ಹಾಯಿಸಿ ನೋಡಲಿ. 16 ಬೈಟ್‌ಗಳ ಬಫರಿನಲ್ಲಿ ನಾಲ್ಕೂ ತುಂಡಾಗುತ್ತವೆ, ದೋಷಸಂಖ್ಯೆ ನಾಲ್ಕು ಸಲವೂ ಬರಬೇಕು. 20ರಲ್ಲಿ ಸವಣೂರು ಸೊನ್ನೆಯ ಸಮೇತ ಕೂತು ಹಾನಗಲ್ಲ ಹೊರಗುಳಿಯಬೇಕು. 24ರಲ್ಲಿ ಶಿಗ್ಗಾವಿ ಇಡಿಯಾಗಿ ಉಳಿದುಬಂದರೆ ಕೊನೆಯ ಸೊನ್ನೆ ಎಲ್ಲಿ ಹೋಯಿತೆಂದು ಕೇಳಬೇಕು. 32ರಲ್ಲಿ ಹಿರೇಕೆರೂರು ಒಂದು ಬೈಟನ್ನೂ ಕಳೆದುಕೊಳ್ಳದೆ ಹೊರಬರಬೇಕು. ಕರ್ನೆಲ್ಲಿನ ಸ್ಟ್ರಿಂಗ್ ಫಂಕ್ಷನ್‌ಗಳಿಗೆ ಈಗಾಗಲೇ ಪರೀಕ್ಷೆಗಳ ಕಂತೆಯೊಂದಿದೆ, ಈ ನಾಲ್ಕು ಹೆಸರುಗಳನ್ನು ಅದಕ್ಕೆ ಸೇರಿಸುವ ಪ್ಯಾಚ್‌ಗೆ ಹತ್ತಿಪ್ಪತ್ತು ಸಾಲು ಸಾಕು.